ತಾಯವ್ವನಿಂದ ನಾಲ್ಕನೇ ಮನೆ

ಮೊನ್ನೆ ಮೊನ್ನೆಯವರೆಗೂ ಬೆಳಿಗ್ಗೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬಾಗಿಲು ತೆರೆದು ತಾಯವ್ವ ಎಲ್ಲಿ ಕಾಣುತ್ತಾಳೆ ಎಂದು ನೋಡುವುದು. ಹತ್ತಿರದಲ್ಲೇ ಕಂಡರೆ ರಾತ್ರಿ ನಮ್ಮ ಮನೆ ಹೆಚ್ಚು ಸರಿದಿಲ್ಲ ಎಂದು ಸಮಾಧಾನ. ಕಾಣದಿದ್ದರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬೀದಿಯ ತಿರುವಿಗೆ ಹೋಗಿ, ಅವಳಿಂದ ಬಾಗಿಲುಗಳನ್ನು ಎಣಿಸಿಕೊಂಡು ವಾಪಸ್ಸು ಬರಬೇಕು. ಆಮೇಲೆ ಅಂಗಳಕ್ಕೆ ನೀರು, ರಂಗೋಲಿ, ಒಲೆ. ನಮ್ಮವರು ಎಣ್ಣೆ ಗಿರಣಿಗೆ ಹೊರಡುವಾಗ "ಇವತ್ತು ತಾಯವ್ವನಿಂದ ಬಲಕ್ಕೆ ಆರನೇದು" ಎಂದು ಹೇಳಿ ಕಳಿಸುತ್ತಿದ್ದೆ. ಮಗಳು ಮಂದಾರಳ ಅಂಗೈ ಮೇಲೆ ಪೆನ್ನಿನಲ್ಲಿ ಆರು ಎಂದು ಬರೆದು ಶಾಲೆಗೆ ಕಳಿಸುತ್ತಿದ್ದೆ.

ನಮ್ಮ ಊರಿನಲ್ಲಿ ಕಟ್ಟಿದ್ದು, ನೆಟ್ಟದ್ದು ಯಾವುದೂ ಒಂದೆಡೆ ನಿಲ್ಲುವುದಿಲ್ಲ. ಒಳಗಿದ್ದವರೆಲ್ಲ ನಿದ್ದೆ ಹೋದರೆ, ಅಥವಾ ಬೀಗ ಹಾಕಿ ಹೊರಗೆ ಹೋದರೆ, ಮನೆ ಮೆಲ್ಲಗೆ ಸರಿಯುತ್ತದೆ. ಅಂಗಳದ ತುಳಸಿ, ನುಗ್ಗೆ ಮರ, ನೀರಿನ ತೊಟ್ಟಿ ಎಲ್ಲವೂ ಅದರ ಜೊತೆಗೆ. ಗುಡಿ, ಮಸೀದಿ, ಪುರಸಭೆ ಕಚೇರಿ, ಯಾವುದೂ ಇದಕ್ಕೆ ಹೊರತಲ್ಲ. ಶಾಲೆಯಂತೂ ದಿನಾ ರಾತ್ರಿ ಎಲ್ಲಿಗೋ ಹೋಗಿರುತ್ತದೆ. ಮೇಷ್ಟ್ರು ಮುಂಚೆಯೇ ಹೋಗಿ ಹುಡುಕಿ ಗಂಟೆ ಬಾರಿಸಿದರೆ ಮಕ್ಕಳು ಆ ಸದ್ದು ಹಿಡಿದು ಹೋಗುತ್ತವೆ. ಬರಿ ನೆಲದ ಮೇಲೆ ಇರುವ ಮನುಷ್ಯರು ಮಾತ್ರ ಇದ್ದಲ್ಲೇ ಇರುತ್ತಾರೆ. ಹಾಗಾಗಿ ಮನೆ ಇಲ್ಲದವರೇ ನಮಗೆಲ್ಲ ಗುರುತು. ಮದುವೆ ಕಾಗದದಲ್ಲಿ "ಕೊಡೆ ಈರಣ್ಣನ ಎಡಗಡೆ ಸಾಲು" ಎಂದು ಅಚ್ಚು ಹಾಕಿಸುತ್ತಾರೆ. ಹಾಲಿನವನು ತಾಯವ್ವನ ಪಕ್ಕ ಸೈಕಲ್ ನಿಲ್ಲಿಸಿ ಕೂಗು ಹಾಕುತ್ತಾನೆ, ನಾವೇ ಪಾತ್ರೆ ಹಿಡಿದುಕೊಂಡು ಹೋಗುತ್ತೇವೆ.

ತಾಯವ್ವ ನಮ್ಮ ಬೀದಿಗೆ ಯಾವಾಗ ಬಂದಳೋ ನನಗೆ ಗೊತ್ತಿಲ್ಲ. ನಾನು ಮದುವೆಯಾಗಿ ಬಂದಾಗ ಅವಳು ಆಗಲೇ ತಿರುವಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತಿದ್ದಳು. ಕೂತಲ್ಲಿಂದ ಬೀದಿಯೆಲ್ಲ ಕಾಣುತ್ತದೆ. ಮಧ್ಯಾಹ್ನ ಯಾರ ಮನೆ ಎತ್ತ ಹೋಯಿತು ಎಂದು ಅವಳು ನೋಡಿರುತ್ತಾಳೆ. ಕೇಳಿದವರಿಗೆ "ನಿಮ್ದಾ? ಈಗ ತಾನೇ ಬಡಿಗೇರ ಸಂದಿ ಕಡೆ ತಿರುಗ್ತು, ಓಡು ಓಡು" ಎನ್ನುತ್ತಾಳೆ. ಒಂದು ದಿನ ನಾನು ಕೈಗೂಸಿಗೆ ಜ್ವರವೆಂದು ಆಸ್ಪತ್ರೆಯಲ್ಲೇ ಸಂಜೆವರೆಗೆ ಕೂರಬೇಕಾಯಿತು. ಬೀಗ ಹಾಕಿದ ಮನೆ ಎಲ್ಲೋ ಹೋಗಿಬಿಟ್ಟಿತ್ತು. ಬಂದು ನೋಡಿದರೆ ಮಂದಾರ ತಾಯವ್ವನ ಕಂಬಳಿಯೊಳಗೆ ಮುದುರಿಕೊಂಡು, ಅವಳ ಕೈಯಿಂದ ಹುರಿಗಡಲೆ ತಿನ್ನುತ್ತಿದ್ದಳು. "ಮನೆ ಹೋದ್ರೆ ಹೋಗ್ಲಿ, ಮಗಳು ಇಲ್ಲೇ ಅವ್ಳೆ" ಅಂದಳು ತಾಯವ್ವ.

ಹೋದ ವರ್ಷ ಚಳಿಗಾಲದಲ್ಲಿ ಮುಂದಿನ ತಿರುವಿನಲ್ಲಿ ಮಲಗುತ್ತಿದ್ದ ಅಂಕಣ್ಣ ತೀರಿಕೊಂಡ. ಬೆಳಿಗ್ಗೆ ಎಬ್ಬಿಸಿದರೆ ಏಳಲಿಲ್ಲ. ಆ ದಿನ ಅರ್ಧ ಬೀದಿಯವರು ಮನೆ ಸೇರಲು ಒದ್ದಾಡಿದರು. "ಎಂಥಾ ತೊಂದ್ರೆ ಆಯ್ತು" ಎಂದು ವಾರವಿಡೀ ಮಾತಾಡಿಕೊಂಡರು. ಆಮೇಲೆ ಅವನ ಜಾಗಕ್ಕೆ ಯಾರೋ ಇನ್ನೊಬ್ಬ ಬಂದು ಮಲಗಿದ, ಮಾತು ನಿಂತಿತು. ಈ ಸಲ ಚಳಿ ಶುರುವಾಗುವ ಮೊದಲೇ ತಾಯವ್ವನಿಗೆ ಕೆಮ್ಮು ಹಿಡಿಯಿತು. ರಾತ್ರಿ ನಮ್ಮ ಮನೆ ಅವಳ ಹತ್ತಿರಕ್ಕೆ ಸರಿದಿದ್ದರೆ ಗೋಡೆಯಾಚೆಯಿಂದ ಕೇಳಿಸುತ್ತಿತ್ತು. ಮನೆಗೆ ಕರೆದೆ. "ನಿನ್ನ ಮನೇಲಿ ನಾಲ್ಕು ಜನಕ್ಕೇ ಕಾಲು ಚಾಚಕ್ಕೆ ಜಾಗ ಇಲ್ಲ" ಎಂದು ನಕ್ಕಳು. ಅದೂ ನಿಜ. ನಮ್ಮದು ಒಂದೇ ಕೋಣೆ.

ಪುರಸಭೆಯ ಹಳೆಯ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಒಳಗೆ ಬೆಚ್ಚಗಿರುತ್ತದೆ, ನಲ್ಲಿಯೂ ಇದೆ. ಅದನ್ನು ರಾತ್ರಿ ಮಲಗಲು ತೆರೆದುಕೊಡಿ ಎಂದು ಕೇಳಲು ಮ್ಯಾನೇಜರ್ ನೀಲಕಂಠಯ್ಯನವರ ಹತ್ತಿರ ಹೋದೆ. ಅವರು ಒಳ್ಳೆಯವರೇ, ಆದರೆ ನಿಯಮದವರು. "ನಲವತ್ತು ಜನ ಹೊರಗೆ ಮಲಗ್ತಾರೆ ಅಂತಾದ್ರೆ ಗೋದಾಮು ತೆರೀಬೋದು. ಕಮ್ಮಿ ಇದ್ರೆ ಕಂಬಳಿ ಹಂಚಿ ಮುಗಿಸೋದು. ಎಣಿಸೋಕೆ ನಮ್ಮಲ್ಲಿ ಆಳಿಲ್ಲಮ್ಮ. ನೀವೇ ಎಣಿಸಿ ತನ್ನಿ, ಈ ತಿಂಗಳ ಸಭೆಗೆ ಇಡ್ತೀನಿ" ಅಂದರು.

ಹಾಗೆ ಎಣಿಕೆ ನನ್ನ ತಲೆಗೆ ಬಂತು. ಪಕ್ಕದ ಮನೆಯ ಕಾತ್ಯಾಯಿನಿಯನ್ನು ಕೇಳಿದೆ. ಪಕ್ಕದ ಮನೆ ಎಂದರೆ ಈ ತಿಂಗಳು ಪಕ್ಕದ್ದು. ಅವಳ ಬಾಯಿ ಜೋರು, ಆದರೆ ಕರೆದ ಕೆಲಸಕ್ಕೆ ಇಲ್ಲ ಎಂದವಳಲ್ಲ. ಟೈಲರ್ ದಸ್ತಗೀರ್ ಸಾಬರು ಬರುತ್ತೇನೆಂದರು. ಮಹಿಳಾ ಸಂಘದವರೂ ಕೆಲವರು ಸೇರಿದರು. ಬೆಳಗಿನ ಜಾವ, ಮಲಗಿದವರು ಏಳುವ ಮೊದಲು ಎಣಿಸುವುದೆಂದು ಆಯಿತು. ಒಬ್ಬರನ್ನೇ ಇಬ್ಬರು ಎಣಿಸಬಾರದಲ್ಲ, ಅದಕ್ಕೆ ಊರನ್ನು ಪಾಲು ಮಾಡಬೇಕಿತ್ತು. ನಕ್ಷೆ ನಮ್ಮೂರಿಗೆ ಇಲ್ಲ. ಬರೆದ ಮಾರನೆಯ ದಿನಕ್ಕೇ ಸುಳ್ಳಾಗುತ್ತದೆ. ಎಲ್ಲರಿಗೂ ಗೊತ್ತಿರುವ ರೀತಿಯಲ್ಲೇ ಹಂಚಿದೆ. ತಾಯವ್ವನಿಂದ ಕೊಡೆ ಈರಣ್ಣನವರೆಗೆ ಕಾತ್ಯಾಯಿನಿ. ಈರಣ್ಣನಿಂದ ಗಿಳಿ ಅಜ್ಜಿಯವರೆಗೆ ಸಾಬರು. ಗಿಳಿ ಅಜ್ಜಿಯಿಂದ ಮುಂದಕ್ಕೆ, ಉಳಿದ ಗುರುತುಗಳ ನಡುವೆ ತಮ್ಮತಮ್ಮಲ್ಲೇ ಹಂಚಿಕೊಂಡು, ಸಂಘದವರು. ತಾಯವ್ವನಿಂದ ಈಚೆಗೆ, ಸಂತೆ ಬಯಲಿನವರೆಗೆ ನಾನು. ಎಲ್ಲರೂ ತಲೆಯಾಡಿಸಿದರು. ಇಷ್ಟು ಸಲೀಸಾಗಿ ಯಾವ ಕೆಲಸವೂ ಹಂಚಿಕೆಯಾದದ್ದು ನನಗೆ ನೆನಪಿಲ್ಲ.

ಆ ದಿನ ಬೆಳಿಗ್ಗೆ ಎಲ್ಲರೂ ತಾಯವ್ವ ಇದ್ದಲ್ಲಿ ಸೇರಿದೆವು. ಮಂಜು ಇತ್ತು. ತಾಯವ್ವ ಎಚ್ಚರಾಗಿ ಕಂಬಳಿ ಹೊದ್ದು ಕೂತಿದ್ದಳು. ಕಾತ್ಯಾಯಿನಿ ಅವಳ ಮುಂದೆ ನಿಂತು ಕೈ ಚಾಚಿ, "ಇಲ್ಲಿಂದ ಆಚೆ ನಂದು, ಈಚೆ ನಿಂದು. ಆಮೇಲೆ ನಂದು ಕದ್ದೆ ಅನ್ನಬೇಡ" ಅಂದಳು. ನಾವೆಲ್ಲ ನಕ್ಕು ಹೊರಟೆವು. ಬಯಲಿನಲ್ಲಿ ಗಾಡಿಗಳ ಕೆಳಗೆ ಮಲಗಿದ್ದವರನ್ನು ನಾನು ಎಣಿಸಿದೆ. ಒಬ್ಬಳು ಬಾಣಂತಿ ಇದ್ದಳು; ಅವಳ ಕೂಸನ್ನು ಬೇರೆ ತಲೆಯೆಂದು ಎಣಿಸಬೇಕೋ ಬೇಡವೋ ಎಂದು ಯೋಚಿಸಿ ಎಣಿಸಿಯೇ ಬಿಟ್ಟೆ. ಒಬ್ಬ ಅಜ್ಜ "ಎಣಿಸಿದ್ರೆ ಏನು ಕೊಡ್ತೀಯ?" ಅಂದ. "ಚಾವಣಿ ಕೊಡಿಸ್ತೀನಿ ಕಣಜ್ಜ" ಅಂದೆ. "ಚಾವಣಿ ಆಮೇಲೆ, ಬೀಡಿ ಐತಾ?" ಅಂದ.

ಇಷ್ಟು ಬರೆಯುವಷ್ಟರಲ್ಲಿ ಮಡಿಲಿನ ಕೈಗೂಸು ಎದ್ದಿತು. ಹಾಲು ಕುಡಿಸಿ, ತಟ್ಟಿ ಮಲಗಿಸಿ ಮತ್ತೆ ಪೆನ್ನು ಹಿಡಿದೆ.

ಲೆಕ್ಕ ಕೂಡಿಸಿದರೆ ಮೂವತ್ತಮೂರು. ಇನ್ನೊಮ್ಮೆ ಕೂಡಿಸಿದರೂ ಅಷ್ಟೇ. ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಇಷ್ಟೇ ಜನ ಅಂದ್ರೆ ಒಳ್ಳೇದೇ ಅಲ್ವಾ ತಂಗಿ?" ಅಂದರು. ಒಳ್ಳೆಯದೇ. ಆದರೆ ಗೋದಾಮು ತೆರೆಯುವುದಿಲ್ಲ. ನೀಲಕಂಠಯ್ಯನವರಿಗೆ ಹೇಳಿದಾಗ ಅವರು ಬೇಸರದಿಂದಲೇ, "ಕಂಬಳಿ ಒಳ್ಳೇದು ಕೊಡಿಸ್ತೀನಿ, ಉಣ್ಣೇದು" ಅಂದರು. ಅಂಕಣ್ಣನ ಮೈಮೇಲೂ ಉಣ್ಣೆಯ ಕಂಬಳಿಯೇ ಇತ್ತು.

ಸಂಜೆ ರಾಗಿ ಗಂಜಿ ತೆಗೆದುಕೊಂಡು ತಾಯವ್ವನ ಹತ್ತಿರ ಹೋಗಿ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಗಂಜಿ ಊದಿ ಊದಿ ಕುಡಿಯುತ್ತ ಕೇಳಿಸಿಕೊಂಡಳು.

"ಆ ಮೂವತ್ತಮೂರ್ರಲ್ಲಿ ನಾನು ಎಷ್ಟನೇವ್ಳು ರುಕ್ಕವ್ವ?" ಅಂದಳು.

"ನಿನ್ನ ಕಾತ್ಯಾಯಿನಿ ಬರ್ಕೊಂಡಿರ್ತಾಳೆ" ಅಂದೆ.

"ಅವ್ಳು ನನ್ನ ಎಣಿಸ್ಲಿಲ್ಲ ಕಣೆ. ನೀನೂ ಎಣಿಸ್ಲಿಲ್ಲ. ಇಬ್ರೂ ನನ್ನ ಮುಂದೇನೇ ನಿಂತ್ಕೊಂಡು, ಆಚೆ ನಂದು ಈಚೆ ನಿಂದು ಅಂತ ಪಾಲು ಹಂಚ್ಕೊಂಡ್ರಿ. ನಾನು ಯಾರ ಪಾಲಿಗೆ ಬರ್ತೀನೋ ಅಂತ ಕಾದು ಕೂತಿದ್ದೆ. ನಗ್ತಾ ಹೋಗೇ ಬಿಟ್ರಿ."

ಅವಳ ದನಿಯಲ್ಲಿ ದೂರು ಇರಲಿಲ್ಲ. ಗಂಜಿಗೆ ಉಪ್ಪು ಕಡಿಮೆ ಎಂದು ಹೇಳುವ ಹಾಗೆ ಹೇಳಿದಳು. ನಾನು ಎದ್ದು ನೇರ ಕಾತ್ಯಾಯಿನಿಯ ಮನೆಗೆ ಹೋದೆ. ಅವಳು ದೋಸೆಗೆ ರುಬ್ಬುತ್ತಿದ್ದಳು.

"ತಾಯವ್ವನ್ನ ಎಣಿಸಿದ್ಯಾ?"

"ತಾಯವ್ವನ್ನ ಯಾಕೆ ಎಣಿಸ್ಲಿ? ಅವಳಿಂದ ಶುರು ಅಂದಿದ್ದು ನೀನೇ ತಾನೆ?"

"ಈರಣ್ಣನ್ನ?"

"ಅವನು ನನ್ನ ಕೊನೆ." ಹಾಗೆಂದವಳು ರುಬ್ಬುವುದನ್ನು ನಿಲ್ಲಿಸಿದಳು. ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದುಕೊಂಡು ನನ್ನನ್ನು ನೋಡಿದಳು. "ಅಯ್ಯೋ, ಸಾಬ್ರೂ ಎಣಿಸಿರಲ್ಲ ಅಲ್ವಾ? ಅವರಿಗೆ ಅವನು ಶುರು."

ಸಾಬರೂ ಎಣಿಸಿರಲಿಲ್ಲ. ಸಂಘದವರು ಗಿಳಿ ಅಜ್ಜಿಗೆ ನಮಸ್ಕಾರ ಹೇಳಿ, ಅವಳ ಗಿಳಿಗೆ ಮೆಣಸಿನಕಾಯಿ ಕೊಟ್ಟು, ಅಲ್ಲಿಂದ ಎಣಿಕೆ ಶುರು ಮಾಡಿದ್ದರಂತೆ. ಊರಿನಲ್ಲಿ ಇಂಥ ಗುರುತುಗಳು ಒಂಬತ್ತು. ಒಂಬತ್ತೂ ಬಿಟ್ಟುಹೋಗಿದ್ದವು. ಸೇರಿಸಿದರೆ ನಲವತ್ತೆರಡು.

ಮರುದಿನ ಮೂವರೂ ಪುರಸಭೆಗೆ ಹೋದೆವು. ಅದು ಸಂತೆ ಬಯಲು ದಾಟಿ ಹೋಗಿತ್ತು, ಹುಡುಕುವಷ್ಟರಲ್ಲಿ ಬಿಸಿಲೇರಿತು. ನೀಲಕಂಠಯ್ಯನವರು ನಲವತ್ತೆರಡನ್ನು ಕೇಳಿ ಮೊದಲು ಸಂತೋಷಪಟ್ಟರು. ಆ ಒಂಬತ್ತು ಜನ ಯಾರೆಂದು ತಿಳಿದ ಮೇಲೆ ಪೆನ್ನು ಕೆಳಗಿಟ್ಟರು.

"ರುಕ್ಮಮ್ಮ, ಅವರು ಊರಿನ ಗುರುತುಗಳು. ಅವರನ್ನ ಒಳಗೆ ಕಳಿಸಿದ್ರೆ ಜನ ಮನೆ ಸೇರೋದು ಹೇಗೆ? ನಾನೇ ದಿನಾ ಗಿಳಿ ಅಜ್ಜಿನ ಕೇಳಿ ಮನೆಗೆ ಹೋಗ್ತೀನಿ. ಅವರನ್ನ ಜನ ಅಂತ ಎಣಿಸಕ್ಕೆ ಬರಲ್ಲ."

"ಸಾರ್, ಅವರಿಗೂ ಚಳಿ ಆಗುತ್ತೆ" ಅಂದೆ.

ನೀಲಕಂಠಯ್ಯನವರು ಕಿಟಕಿಯಾಚೆ ಬಯಲಿನ ಕಡೆ ನೋಡಿದರು. ಆಮೇಲೆ ಅವರು, "ರಾತ್ರಿ ಒಳಗೆ ಮಲಗಲಿ, ಹಗಲು ವಾಪಸ್ಸು ಬಂದು ಕೂರ್ತಾರಾ?" ಎಂದು ಕೇಳಿದರು. ಗೋದಾಮೂ ಸರಿಯುವಂಥದ್ದೇ ತಾನೇ, ದಿನಾ ಮುಂಜಾನೆ ಆ ಮುದುಕರು ಅದೆಲ್ಲಿದೆಯೋ ಅಲ್ಲಿಂದ ನಡೆದು ಬಂದು, ಮತ್ತೆ ನೆಲದ ಮೇಲೇ ಕೂರಬೇಕು. ಕೆಮ್ಮು ಎಲ್ಲಿಂದ ವಾಸಿಯಾಗುತ್ತದೆ?

"ಅವರ ಜಾಗದಲ್ಲಿ ನಾವು ಕೂರ್ತೀವಿ" ಅಂದುಬಿಟ್ಟೆ. "ಪಾಳಿ ಮೇಲೆ. ಬೆಳಿಗ್ಗೆಯಿಂದ ದೀಪ ಹಚ್ಚೋ ಹೊತ್ತಿನವರೆಗೆ."

ಪಕ್ಕದಲ್ಲಿ ಕಾತ್ಯಾಯಿನಿ ನನ್ನ ತೊಡೆ ಚಿವುಟಿದಳು. ನೀಲಕಂಠಯ್ಯನವರು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಒಂಬತ್ತು ಜಾಗಕ್ಕೂ?" ಅಂದರು. "ಒಂಬತ್ತಕ್ಕೂ" ಅಂದೆ. "ಒಂದು ಜಾಗ ಒಂದು ದಿನ ಖಾಲಿ ಬಿದ್ರೂ ಜನ ನನ್ನ ಬಿಡಲ್ಲ, ನಾನು ಗೋದಾಮು ಮುಚ್ಚಬೇಕಾಗುತ್ತೆ" ಎಂದು ಹೇಳಿ ಪೆನ್ನು ತೆಗೆದುಕೊಂಡರು.

ಹೊರಗೆ ಬಂದ ಮೇಲೆ ಕಾತ್ಯಾಯಿನಿಯ ಬಾಯಿ ತೆರೆಯಿತು. "ಊರಿನ ಸಮಸ್ತರ ಪರವಾಗಿ ಒಪ್ಕೊಂಡು ಬಂದ್ಯಲ್ಲ, ನೀನೇನು ಊರಿಗೆ ಅತ್ತೇನಾ? ನನ್ನ ಸೊಂಟಕ್ಕೆ ನೆಲದ ಮೇಲೆ ಕೂತ್ರೆ ಏಳೋಕಾಗಲ್ಲ. ಜನ ಏನಂತಾರೆ, ಗಂಡ ಮನೆಯಿಂದ ಓಡಿಸಿದ ಅಂತಾರೆ." ಸಾಬರು ನಡುವೆ, "ನಾನು ಬಟ್ಟೆಗೆ ಕಾಜಾ ಹಾಕ್ತಾ ಕೂರಬೋದು, ಬೆಳಕು ಚೆನ್ನಾಗಿರುತ್ತೆ" ಅಂದರು. ಅವಳು "ಹೂಂ, ಇವರೊಬ್ಬರು" ಎಂದು ಮುಖ ತಿರುಗಿಸಿದಳು. ಆದರೆ ಮನೆಗಳಿಗೆ ಹೋಗಿ ಜನರನ್ನು ಒಪ್ಪಿಸುವಾಗ ನನಗಿಂತ ಮುಂದೆ ಇದ್ದವಳು ಅವಳೇ. "ನಿನ್ನ ಮನೆ ನೀನೇ ಹುಡುಕ್ಕೊಳ್ತೀಯಾ, ಇಲ್ಲಾ ಬಂದು ಕೂರ್ತೀಯಾ?" ಎಂದು ಬಾಗಿಲಲ್ಲೇ ಕೇಳುತ್ತಿದ್ದಳು.

ಒಪ್ಪದೇ ಉಳಿದವಳು ತಾಯವ್ವ ಒಬ್ಬಳೇ. "ನಾನು ಹೋದ್ರೆ ಸ್ಕೂಲಿಂದ ಬಂದ ನಿನ್ನ ಮಗ್ಳು ಯಾರ್ನ ಕೇಳ್ತಾಳೆ?" ಅಂದಳು.

"ನನ್ನ ಕೇಳ್ತಾಳೆ."

"ನಿನಗೇನು ಗೊತ್ತು? ಮನೆ ಹೋಗೋದು ನೋಡ್ತಾ ಇರ್ಬೇಕು. ಅತ್ತಿತ್ತ ನೋಡಿದ್ರೆ ತಪ್ಪೋಗತ್ತೆ."

"ಕಲಿಸಿಕೊಡು" ಅಂದೆ. ಅವಳು ಕೆಮ್ಮಿದಳು, ಕೆಮ್ಮು ನಿಲ್ಲುವವರೆಗೆ ನಾನು ಬೆನ್ನು ನೀವಿದೆ. ಆಮೇಲೆ ಗೋಣಿಚೀಲದ ಮೇಲೆ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟಳು. ಆ ಮಧ್ಯಾಹ್ನ ಅವಳ ಪಕ್ಕ ಕೂತು ಮನೆಗಳು ಹೋಗುವುದನ್ನು ನೋಡಿದೆ. ಹೊರಡುವ ಮೊದಲು ಮನೆಯ ಹೆಂಚುಗಳು ಸಣ್ಣಗೆ ಅಲುಗುತ್ತವೆ. ನೀರಿನ ತೊಟ್ಟಿ ತುಂಬಿದ್ದರೆ ನಿಧಾನ. ಹೊಸದಾಗಿ ಸುಣ್ಣ ಬಳಿದಿದ್ದರೆ ದೂರ ಹೋಗುತ್ತದೆ, ಯಾಕೋ ಅವಳಿಗೂ ತಿಳಿಯದು.

ಸಭೆ ಒಪ್ಪಿ ಗೋದಾಮು ತೆರೆದ ಮೊದಲ ದಿನ ಕಾತ್ಯಾಯಿನಿಯದು ಈರಣ್ಣನ ಜಾಗ. ಸೊಂಟ ನೋವೆಂದು ಯಾರಿಗೂ ಹೇಳದೆ ಮನೆಯಿಂದ ಮಣೆ ತಂದು ಹಾಕಿಕೊಂಡು ಕೂತಳು. ಊಟದ ಮೇಲೆ ತೂಕಡಿಕೆ ಬಂತು. ಮಣೆಯೂ ಬಡಗಿ ಮಾಡಿದ್ದೇ ತಾನೆ? ಅವಳು ಕಣ್ಣು ಬಿಟ್ಟಾಗ ಮಣೆ ಅವಳನ್ನು ಹೊತ್ತುಕೊಂಡು ಮಸೀದಿಯ ಹಿಂದಕ್ಕೆ ಹೋಗಿತ್ತು. ಅವಳಿಂದ ಬಾಗಿಲು ಎಣಿಸಿದವರೆಲ್ಲ ಬೇರೆಯವರ ಮನೆಗೆ ನುಗ್ಗಿದರು. ಒಬ್ಬರು ಕಾಫಿ ಕುಡಿದು ಲೋಟ ಕೆಳಗಿಟ್ಟ ಮೇಲೆ ಇದು ನಮ್ಮ ಲೋಟವಲ್ಲ ಎಂದು ಗೊತ್ತಾಯಿತಂತೆ. ಸುದ್ದಿ ನೀಲಕಂಠಯ್ಯನವರಿಗೂ ಮುಟ್ಟಿತು. ಇನ್ನೇನು ಗೋದಾಮು ಮುಚ್ಚಿಸುತ್ತಾರೆಂದು ನಾನು ಹೆದರಿದ್ದೆ. "ಜಾಗ ಖಾಲಿ ಬಿದ್ದಿರಲಿಲ್ಲ, ಸ್ವಲ್ಪ ದೂರ ಹೋಗಿತ್ತು ಅಷ್ಟೇ" ಎಂದು ಅವರೇ ತೀರ್ಮಾನ ಮಾಡಿದರಂತೆ. ಕಾತ್ಯಾಯಿನಿ ಈಗ ಗೋಣಿಚೀಲದ ಮೇಲೆ ಕೂರುತ್ತಾಳೆ. ಮಣೆಯ ಮಾತೆತ್ತಿದರೆ ಹೊಡೆಯಲು ಬರುತ್ತಾಳೆ.

ಇವತ್ತು ನನ್ನ ಪಾಳಿ. ತಾಯವ್ವನ ಜಾಗ. ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಬಿಡಿಸುತ್ತಿದ್ದೇನೆ, ನಡುನಡುವೆ ಇದನ್ನು ಬರೆಯುತ್ತಿದ್ದೇನೆ. ಕೂಸು ಮಡಿಲಲ್ಲಿ ಮಲಗಿದೆ. ನೆಲದ ಥಂಡಿ ಗೋಣಿಯನ್ನು ದಾಟಿ ಮೊದಲು ಮೊಣಕಾಲಿಗೆ ಬರುತ್ತದೆ, ಆಮೇಲೆ ಬೆನ್ನಿಗೆ. ಇನ್ನೂ ಸಂಜೆಯ ಬಿಸಿಲಿದೆ, ಆಗಲೇ ಹೀಗೆ. ಬರುವವರು ಬೀದಿಯ ಕಡೆ ನೋಡುತ್ತಲೇ ಕೇಳುತ್ತಾರೆ, ನಾನು ಹೇಳುತ್ತೇನೆ, ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಮುಂಚೆ ನಮ್ಮವರೇ ಬಂದರು. ಸೈಕಲ್ಲಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ತಲೆ ಮೇಲೆ ಮಾಡಿ ಬೀದಿಯುದ್ದ ಕಣ್ಣಾಡಿಸುತ್ತ, "ಗಿರಣಿಯವರ ಮನೆ ಎಷ್ಟನೇದು?" ಅಂದರು. ನಾನು ಚಳಿಗೆ ತಲೆಯ ಮೇಲೆ ಸೆರಗು ಹೊದ್ದಿದ್ದೆ. "ಎಡಕ್ಕೆ ನಾಲ್ಕನೇದು" ಅಂದೆ. "ಹಾಂ" ಎಂದು ಪೆಡಲ್ ತುಳಿದು ಹೋದರು. ಮದುವೆಯಾದಾಗಿನಿಂದ ಕೇಳಿದ ನನ್ನ ದನಿಯೂ ಅವರಿಗೆ ಗುರುತು ಸಿಗಲಿಲ್ಲ. ಮನೆಯಲ್ಲಿ ನಾನಿಲ್ಲವೆಂದು ಈಗ ಮಂದಾರಳನ್ನು ಕೇಳುತ್ತಿರಬೇಕು. ಕರೆಯಬೇಕೆನಿಸಿತು, ಕರೆಯಲಿಲ್ಲ. ಇನ್ನೂ ಬೀದಿಗೆ ಬರಬೇಕಾದವರಿದ್ದರು.

ಬಿಸಿಲು ಇಳಿಯುವ ಹೊತ್ತಿಗೆ ಸಂತೆ ಬಯಲಿನ ಕಡೆಯಿಂದ ತಾಯವ್ವ ಬಂದಳು. ಹಗಲೆಲ್ಲ ಗಿಳಿ ಅಜ್ಜಿಯ ಜೊತೆ ಬಯಲಿನ ಬಿಸಿಲಿನಲ್ಲಿ ಕೂತಿರುತ್ತಾಳೆ. ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಮಾತಿನ ನಡುವೆ ಉಸಿರು ಸಿಗುತ್ತದೆ. ತಲೆಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಳು. ನನ್ನ ಎದುರಿಗೆ ಕುಕ್ಕರಗಾಲಲ್ಲಿ ಕೂತು, ನನ್ನ ಸೆರಗು ಸರಿಸಿ ಮುಖ ನೋಡಿದಳು.

"ಏನಾದ್ರೂ ತಿಂದ್ಯಾ?"

ಬೆಳಿಗ್ಗೆಯಿಂದ ಯಾರೂ ಅದನ್ನು ಕೇಳಿರಲಿಲ್ಲ. "ಮಧ್ಯಾಹ್ನ ಮಂದಾರ ತಟ್ಟೆ ತಂದುಕೊಟ್ಲು" ಅಂದೆ. ಅವಳು ಮೊರದಿಂದ ಎರಡು ಕಾಯಿ ಎತ್ತಿಕೊಂಡು ಬಿಡಿಸಿ ಕಾಳು ಹಾಕಿದಳು. ಕೂಸಿನ ಕಾಲ ಮೇಲೆ ಬಟ್ಟೆ ಎಳೆದಳು. ಆಮೇಲೆ ಅತ್ತಿತ್ತ ನೋಡಿ, ಸ್ವಲ್ಪ ನಾಚಿಕೊಂಡು ದನಿ ತಗ್ಗಿಸಿದಳು.

"ರುಕ್ಕವ್ವ, ನಮ್ಮನೆ ಎತ್ತಾಗೆ ಹೋಯ್ತು, ಕಂಡ್ಯಾ?"

ನಾನು ಕಂಡಿದ್ದೆ. ಮಧ್ಯಾಹ್ನ ಗೋದಾಮು ತುಂಬುಗಬ್ಬದ ಎಮ್ಮೆಯ ಹಾಗೆ ಬಹಳ ಹೊತ್ತು ತೆಗೆದುಕೊಂಡು ನನ್ನ ಮುಂದೆಯೇ ದಾಟಿ ಹೋಗಿತ್ತು. ನಾನು ಕಣ್ಣು ಆಚೀಚೆ ಹಾಯಿಸಿರಲಿಲ್ಲ.

"ಸಾಬರು ಕೂತಿದಾರಲ್ಲ, ಅವರನ್ನ ದಾಟು. ಅವರಿಂದ ಬಲಕ್ಕೆ ಏಳನೇದು. ದೊಡ್ಡ ಕದ. ಒಳಗೆ ದೀಪ ಹಾಕಿದಾರೆ."

"ಏಳನೇದು" ಎಂದು ಅವಳು ತನ್ನಷ್ಟಕ್ಕೇ ಒಮ್ಮೆ ಹೇಳಿಕೊಂಡಳು. ನನ್ನ ಭುಜ ಹಿಡಿದು ಎದ್ದು ನಿಂತಳು. ಸಾಬರ ಹತ್ತಿರ ನಿಂತು ಅವರನ್ನೂ ಊಟವಾಯಿತಾ ಎಂದು ಕೇಳಿದಳೆಂದು ಕಾಣುತ್ತದೆ, ಅವರು ಸೂಜಿ ಹಿಡಿದ ಕೈಯಲ್ಲೇ ನಗುತ್ತ ಏನೋ ಹೇಳಿದರು. ಅಲ್ಲಿಂದ ಬಲಕ್ಕೆ ತಿರುಗಿದಳು. ಸಂಜೆ ಹೊತ್ತು ನಾವೆಲ್ಲರೂ ನಡೆಯುವ ಹಾಗೆಯೇ, ಪ್ರತಿ ಬಾಗಿಲಿಗೂ ಒಂದು ಬೆರಳು ಮಡಚಿ ಎಣಿಸುತ್ತ ಹೋದಳು.